ಟರ್ನ್‌ಟೇಬಲ್‌ಗೆ ಫೋನೋ ಪ್ರೀ-ಆಂಪ್ ನೀವೇ ಕಟ್ಟಿ: ಬಿಡಿಭಾಗಗಳಿಂದ ಹಿಡಿದು ಹಮ್ (ಗುಂಯ್ ಸದ್ದು) ನಿವಾರಣೆವರೆಗೆ

ಟರ್ನ್‌ಟೇಬಲ್ ತೋಳಿನ ತುದಿಯಲ್ಲಿ ಸೂಜಿ ಹಿಡಿದಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವ ಸಿಗ್ನಲ್ ತೀರಾ ಸಣ್ಣದು. 1 ಕಿಲೋಹರ್ಟ್ಜ್‌ನಲ್ಲಿ ಸುಮಾರು 3ರಿಂದ 5 ಮಿಲಿವೋಲ್ಟ್. ಆಂಪ್ಲಿಫೈಯರಿನ ಲೈನ್ ಇನ್‌ಪುಟ್‌ಗೆ ಬೇಕಿರುವುದು ಅದರ ನೂರು ಪಟ್ಟು. ಹಾಗಂತ ಬರೀ ನೂರು ಪಟ್ಟು ಹಿಗ್ಗಿಸಿದರೆ ಹಾಡು ಕಿರುಚುತ್ತದೆ, ಮೃದಂಗದ ತೂಕವೇ ಇರುವುದಿಲ್ಲ. ರೆಕಾರ್ಡ್ ಕೊರೆಯುವಾಗಲೇ ಬಾಸ್ ತಗ್ಗಿಸಿ ಟ್ರೆಬಲ್ ಏರಿಸಿರುವುದೇ ಇದಕ್ಕೆ ಕಾರಣ. ಬಾಸ್ ತಗ್ಗಿಸದಿದ್ದರೆ ಗೆರೆಗಳು ಅಗಲವಾಗಿ ಒಂದಕ್ಕೊಂದು ನುಗ್ಗುತ್ತವೆ. ಟ್ರೆಬಲ್ ಏರಿಸದಿದ್ದರೆ ರೆಕಾರ್ಡಿನ ಮೇಲ್ಮೈಯ ಚರಚರ ಸದ್ದೇ ಸಂಗೀತಕ್ಕಿಂತ ಮುಂದೆ ಬರುತ್ತದೆ. ಕೇಳುವಾಗ ಇದನ್ನು ಸರಿಯಾಗಿ ತಿರುಗಿಸಬೇಕು. ಹಿಗ್ಗಿಸುವುದು, ತಿರುಗಿಸುವುದು ಎರಡನ್ನೂ ಮಾಡುವುದೇ ಫೋನೋ ಪ್ರೀ-ಆಂಪ್. ಎಷ್ಟು ತಿರುಗಿಸಬೇಕೆಂಬುದನ್ನು ಅಮೆರಿಕದ ರೆಕಾರ್ಡಿಂಗ್ ಉದ್ಯಮ ಸಂಘದ 1954ರ ಆರ್‌ಐಎಎ ಮಾನದಂಡ ಮೂರು ಕಾಲಸ್ಥಿರಾಂಕಗಳಲ್ಲಿ ಹೇಳುತ್ತದೆ: 3180, 318 ಮತ್ತು 75 ಮೈಕ್ರೋಸೆಕೆಂಡ್. ಫ್ರೀಕ್ವೆನ್ಸಿಯಲ್ಲಿ ಹೇಳುವುದಾದರೆ ಸುಮಾರು 50, 500 ಮತ್ತು 2122 ಹರ್ಟ್ಜ್.

ಫೋನೋ ಪ್ರೀ-ಆಂಪ್ ಎಂದ ಕೂಡಲೇ "ಯಾವ ಚಿಪ್ ಹಾಕಿದರೆ ಒಳ್ಳೆಯದು" ಎಂಬ ಚರ್ಚೆ ಶುರುವಾಗುತ್ತದೆ. ಚಿಪ್ ಕೊನೆಯ ವಿಷಯ. ಈ ತಿದ್ದುಪಡಿ ಮಾಡುವ ಕೆಪಾಸಿಟರ್‌ಗಳ ನಿಖರತೆ, ಕಾರ್ಟ್ರಿಜ್ ಕಾಣುವ ಕೆಪಾಸಿಟೆನ್ಸ್, ಗ್ರೌಂಡ್ ತಂತಿ ಹೋಗುವ ದಾರಿ, ಈ ಮೂರರಲ್ಲಿ ಫಲಿತಾಂಶದ ಬಹುಪಾಲು ನಿರ್ಧಾರವಾಗುತ್ತದೆ. ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗ ಸಿಕ್ಕಿರುವುದೂ ಅವಕ್ಕೇ.

ಸರ್ಕ್ಯೂಟ್

ಪ್ರತಿ ಚಾನೆಲ್‌ಗೆ ಒಂದು ಎನ್‌ಇ5532 ಚಿಪ್. ಅದರೊಳಗಿನ ಎರಡು ಆಪ್-ಆಂಪ್‌ಗಳಲ್ಲಿ (ಸಿಗ್ನಲ್ ಹಿಗ್ಗಿಸುವ ಘಟಕಗಳಲ್ಲಿ) ಮೊದಲನೆಯದು ಸಿಗ್ನಲನ್ನು 32 ಪಟ್ಟು ಹಿಗ್ಗಿಸುತ್ತದೆ. ನಡುವೆ ರೆಸಿಸ್ಟರ್-ಕೆಪಾಸಿಟರ್‌ಗಳ ಆರ್‌ಐಎಎ ಜಾಲ. ಎರಡನೆಯದು ಮತ್ತೆ 32 ಪಟ್ಟು ಹಿಗ್ಗಿಸುತ್ತದೆ. ಜಾಲ 1 ಕಿಲೋಹರ್ಟ್ಜ್‌ನಲ್ಲಿ ಸುಮಾರು 20 ಡೆಸಿಬೆಲ್ ನುಂಗುವುದರಿಂದ ಕೊನೆಗೆ ಉಳಿಯುವ ಗೇನ್ (ಒಟ್ಟು ಹಿಗ್ಗುವಿಕೆ) ಸುಮಾರು 105 ಪಟ್ಟು, ಅಂದರೆ 40.5 ಡೆಸಿಬೆಲ್. 5 ಮಿಲಿವೋಲ್ಟ್ ಒಳಹೋದರೆ ಅರ್ಧ ವೋಲ್ಟ್ ಹೊರಬರುತ್ತದೆ.

ಇಡೀ ತಿದ್ದುಪಡಿಯನ್ನು ಒಂದೇ ಆಪ್-ಆಂಪ್‌ನ ಫೀಡ್‌ಬ್ಯಾಕ್‌ನಲ್ಲಿ ಮಾಡುವ ಸರ್ಕ್ಯೂಟ್‌ಗಳೂ ಇವೆ, ಕೆಟ್ಟವೇನಲ್ಲ. ಆದರೆ ಅಲ್ಲಿ ಒಂದು ಬಿಡಿಭಾಗದ ಬೆಲೆ (ಓಮ್ ಅಥವಾ ಫ್ಯಾರಡ್ ಅಳತೆ) ಬದಲಿಸಿದರೆ ಉಳಿದೆಲ್ಲವೂ ಅಲುಗುತ್ತವೆ. ಇಲ್ಲಿ ಗೇನ್ ಬೇರೆ, ತಿದ್ದುಪಡಿ ಬೇರೆ. ದೋಷ ಹುಡುಕುವುದು ಸುಲಭ.

ಒಂದು ಚಾನೆಲ್‌ನ ಜೋಡಣೆ ಹೀಗೆ:

1. ಇನ್‌ಪುಟ್ ಸಾಕೆಟ್‌ನ ನಡುತುದಿಯಿಂದ ಗ್ರೌಂಡ್‌ಗೆ 47 ಕಿಲೋಓಮ್. ಅದೇ ತುದಿಯಿಂದ 100 ಓಮ್ ಮೂಲಕ ಪಿನ್ 3ಕ್ಕೆ. ಪಿನ್ 3ರಿಂದ ಗ್ರೌಂಡ್‌ಗೆ ಲೋಡ್ ಕೆಪಾಸಿಟರ್. ಇದರ ಬೆಲೆ ಮುಂದೆ ನೋಡೋಣ.
2. ಪಿನ್ 1ರಿಂದ ಪಿನ್ 2ಕ್ಕೆ 4.7 ಕಿಲೋಓಮ್. ಪಿನ್ 2ರಿಂದ 150 ಓಮ್, ಅದರ ಹಿಂದೆ 470 ಮೈಕ್ರೋಫ್ಯಾರಡ್, ಅಲ್ಲಿಂದ ಗ್ರೌಂಡ್.
3. ಪಿನ್ 1ರಿಂದ ಪಿನ್ 5ಕ್ಕೆ 20 ಕಿಲೋಓಮ್ ಮತ್ತು 1.87 ಕಿಲೋಓಮ್ ಸರಣಿಯಲ್ಲಿ. ಈ ಜೋಡಿಯನ್ನು ಆರ್1 ಎನ್ನೋಣ, ಒಟ್ಟು 21.87 ಕಿಲೋಓಮ್.
4. ಪಿನ್ 5ರಿಂದ 3 ಕಿಲೋಓಮ್ ಮತ್ತು 180 ಓಮ್ ಸರಣಿಯಲ್ಲಿ, ಇದು ಆರ್2. ಅದರ ಕೊನೆಯಿಂದ ಗ್ರೌಂಡ್‌ಗೆ 100 ನ್ಯಾನೋಫ್ಯಾರಡ್, ಇದು ಸಿ1.
5. ಪಿನ್ 5ರಿಂದ ನೇರ ಗ್ರೌಂಡ್‌ಗೆ 33 ಮತ್ತು 1.2 ನ್ಯಾನೋಫ್ಯಾರಡ್ ಪರಸ್ಪರ ಸಮಾಂತರವಾಗಿ, ಇದು ಸಿ2.
6. ಪಿನ್ 7ರಿಂದ ಪಿನ್ 6ಕ್ಕೆ 4.7 ಕಿಲೋಓಮ್, ಪಿನ್ 6ರಿಂದ 150 ಓಮ್ ಮತ್ತು 470 ಮೈಕ್ರೋಫ್ಯಾರಡ್ ಮೂಲಕ ಗ್ರೌಂಡ್.
7. ಪಿನ್ 7ರಿಂದ 100 ಓಮ್, 2.2 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, ಅಲ್ಲಿಂದ ಔಟ್‌ಪುಟ್ ಸಾಕೆಟ್. ಸಾಕೆಟ್‌ನಿಂದ ಗ್ರೌಂಡ್‌ಗೆ 100 ಕಿಲೋಓಮ್.
8. ಪಿನ್ 8ಕ್ಕೆ +12 ವೋಲ್ಟ್, ಪಿನ್ 4ಕ್ಕೆ −12 ವೋಲ್ಟ್, ಎರಡೂ 10 ಓಮ್ ರೆಸಿಸ್ಟರ್ ಮೂಲಕ. ರೆಸಿಸ್ಟರ್ ದಾಟಿದ ಮೇಲೆ ಪ್ರತಿ ರೈಲಿನಿಂದ (ಪವರ್ ಕೊಡುವ ತಂತಿಯಿಂದ) ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್, ಮತ್ತು ಚಿಪ್‌ನ ಕಾಲಿಗೆ ಅಂಟಿಕೊಂಡಂತೆ 100 ನ್ಯಾನೋಫ್ಯಾರಡ್ ಸೆರಾಮಿಕ್.

ಪಿನ್ 5ಕ್ಕೆ ಬೇರೆ ಬಯಾಸ್ ರೆಸಿಸ್ಟರ್ ಬೇಡ. ಡಿಸಿ ದಾರಿ ಆರ್1 ಮೂಲಕವೇ ಸಿಗುತ್ತದೆ. 470 ಮೈಕ್ರೋಫ್ಯಾರಡ್‌ಗಳ ಮೇಲೆ ಬೀಳುವುದು ಕೆಲವೇ ಮಿಲಿವೋಲ್ಟ್. 5532ರಲ್ಲಿ ಪಿನ್ 2 ಮತ್ತು 6 ಸ್ವಲ್ಪ ಋಣದ ಕಡೆ ವಾಲುವುದರಿಂದ ಪ್ಲಸ್ ತುದಿಯನ್ನು ಗ್ರೌಂಡ್ ಕಡೆ ಇಡಿ. ತಿರುಗಾಮುರುಗಾ ಆದರೂ ಇಷ್ಟು ಕಡಿಮೆ ವೋಲ್ಟೇಜಿಗೆ ಏನೂ ಆಗುವುದಿಲ್ಲ.

ಬಿಡಿಭಾಗಗಳು, ಎರಡೂ ಚಾನೆಲ್ ಸೇರಿ

- ಎನ್‌ಇ5532: 2, ಜೊತೆಗೆ 8 ಕಾಲಿನ ಐಸಿ ಸಾಕೆಟ್ 2
- ಶೇ 1ರ ಮೆಟಲ್ ಫಿಲ್ಮ್ ರೆಸಿಸ್ಟರ್, ಕಾಲು ವ್ಯಾಟ್: 100 ಕಿಲೋಓಮ್ 2, 47 ಕಿಲೋಓಮ್ 2, 20 ಕಿಲೋಓಮ್ 2, 4.7 ಕಿಲೋಓಮ್ 4, 3 ಕಿಲೋಓಮ್ 2, 1.87 ಕಿಲೋಓಮ್ 2, 180 ಓಮ್ 2, 150 ಓಮ್ 4, 100 ಓಮ್ 4, 10 ಓಮ್ 4
- ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್: 100, 33, 1.2 ನ್ಯಾನೋಫ್ಯಾರಡ್ ತಲಾ 2 ಸಾಕು, ಆರಿಸಿಕೊಳ್ಳಲು ತಲಾ 8–10 ತನ್ನಿ, 2.2 ಮೈಕ್ರೋಫ್ಯಾರಡ್ 2, ಇದು ಪಾಲಿಯೆಸ್ಟರ್ ಆದರೂ ಸರಿ
- ಎಲೆಕ್ಟ್ರೋಲೈಟಿಕ್: 470 ಮೈಕ್ರೋಫ್ಯಾರಡ್ 16 ವೋಲ್ಟ್ 4, 100 ಮೈಕ್ರೋಫ್ಯಾರಡ್ 25 ವೋಲ್ಟ್ 4, 47 ಮೈಕ್ರೋಫ್ಯಾರಡ್ 25 ವೋಲ್ಟ್ 2, 2200 ಮೈಕ್ರೋಫ್ಯಾರಡ್ 35 ವೋಲ್ಟ್ 2
- 100 ನ್ಯಾನೋಫ್ಯಾರಡ್ ಸೆರಾಮಿಕ್ 8. ಲೋಡ್‌ಗಾಗಿ 47 ಮತ್ತು 100 ಪಿಕೋಫ್ಯಾರಡ್ ಎನ್‌ಪಿ0 ಸೆರಾಮಿಕ್ ಕೆಲವು
- 7812, 7912 ರೆಗ್ಯುಲೇಟರ್ ತಲಾ 1. 1ಎನ್4004 ಡಯೋಡ್ 4. 500 ಮಿಲಿಆಂಪಿಯರ್ ಫ್ಯೂಸ್
- 15 ವೋಲ್ಟ್ ಎಸಿ ಹೊರಕೊಡುವ ಅಡಾಪ್ಟರ್, 500 ಮಿಲಿಆಂಪಿಯರ್
- ಬಾಕ್ಸಿಗೆ ತಾಗದಂತೆ ವಾಷರ್ ಇರುವ ಆರ್‌ಸಿಎ ಸಾಕೆಟ್ 4, ಗ್ರೌಂಡ್ ಸ್ಕ್ರೂ, ಲೋಹದ ಬಾಕ್ಸ್

5532ರ ಬದಲು ಟಿಎಲ್072 ಹಾಕಿದರೆ ಕೆಲಸವೇನೋ ಮಾಡುತ್ತದೆ, ಆದರೆ ಅದರ ನಾಯ್ಸ್ ಮೂರು ಪಟ್ಟಿಗಿಂತ ಹೆಚ್ಚು. ಹಾಡುಗಳ ನಡುವಿನ ಮೌನದಲ್ಲಿ ಹಿಸ್ ಕೇಳುತ್ತದೆ. ಇತ್ತ 5532ಗಿಂತ ದುಬಾರಿ ಚಿಪ್ ಹಾಕಿದರೆ ಸಿಗುವ ಲಾಭ ಅತ್ಯಲ್ಪ, ಏಕೆಂದರೆ ಕಾರ್ಟ್ರಿಜ್‌ನ ಸುರುಳಿ ಮತ್ತು 47 ಕಿಲೋಓಮ್ ರೆಸಿಸ್ಟರ್ ತಾವೇ ಅದಕ್ಕೆ ಸಮನಾದ ನಾಯ್ಸ್ ಹುಟ್ಟಿಸುತ್ತವೆ. ತೀರಾ ವೇಗದ ಚಿಪ್‌ಗಳಂತೂ ವೆರೋಬೋರ್ಡ್ (ತಾಮ್ರದ ಪಟ್ಟಿಗಳಿರುವ ತೂತುಬೋರ್ಡ್) ಮೇಲೆ ಆಸಿಲೇಟ್ ಆಗಿ, ಅಂದರೆ ತಾವೇ ಸಿಗ್ನಲ್ ಹುಟ್ಟಿಸಿ, ಹೊಸ ತಲೆನೋವು ತರುತ್ತವೆ.

ಕೆಪಾಸಿಟರ್ ಅಳೆದು ಆರಿಸುವುದು

ಆರ್‌ಐಎಎ ಜಾಲಕ್ಕೆ ನಾಲ್ಕು ಗುಣಲಬ್ಧಗಳು ಸರಿ ಬರಬೇಕು: ಆರ್1 × ಸಿ1 = 2187, ಆರ್1 × ಸಿ2 = 750, ಆರ್2 × ಸಿ1 = 318, ಆರ್2 × ಸಿ2 = 109, ಎಲ್ಲವೂ ಮೈಕ್ರೋಸೆಕೆಂಡಿನಲ್ಲಿ. ಮೇಲಿನ ಬೆಲೆಗಳು ಇಲ್ಲಿಂದಲೇ ಬಂದವು.

ಶೇ 1ರ ರೆಸಿಸ್ಟರ್ ಎಲ್ಲೆಡೆ ಸಿಗುತ್ತದೆ. ಕೆಪಾಸಿಟರ್ ಹಾಗಲ್ಲ, ಸಾಮಾನ್ಯವಾಗಿ ಕೈಗೆ ಬರುವುದು ಶೇ 5 ಅಥವಾ ಶೇ 10ರದ್ದು. ಸಿ2 ಶೇ 5 ತಪ್ಪಿದರೆ ಮೇಲಿನ ಟ್ರೆಬಲ್‌ನಲ್ಲಿ ಸುಮಾರು 0.4 ಡೆಸಿಬೆಲ್ ವ್ಯತ್ಯಾಸ. ಒಂದೇ ಚಾನೆಲ್‌ನಲ್ಲಿ ಇದು ದೊಡ್ಡದಲ್ಲ. ಎಡದಲ್ಲಿ ಶೇ 5 ಹೆಚ್ಚು, ಬಲದಲ್ಲಿ ಶೇ 5 ಕಡಿಮೆ ಆದಾಗ ಮಾತ್ರ ತೊಂದರೆ: ಗಾಯಕಿಯ ದನಿ ನಡುವೆ ನಿಲ್ಲದೆ ಸ್ವರದಿಂದ ಸ್ವರಕ್ಕೆ ಪಕ್ಕಕ್ಕೆ ಸರಿದಂತೆ ಕೇಳುತ್ತದೆ. ಆದ್ದರಿಂದ ಎರಡು ಚಾನೆಲ್ ಒಂದಕ್ಕೊಂದು ಹೊಂದುವುದು ಮೊದಲ ಆದ್ಯತೆ, ನಿಖರ ಬೆಲೆ ಎರಡನೆಯದು.

ಕೆಪಾಸಿಟೆನ್ಸ್ ಅಳೆಯುವ ಮೀಟರ್‌ನಲ್ಲಿ ಹತ್ತನ್ನೂ ಅಳೆದು ಬರೆದುಕೊಳ್ಳಿ, ಅತಿ ಹತ್ತಿರದ ಜೋಡಿ ತೆಗೆಯಿರಿ. ಕೈಯಲ್ಲಿ ಹಿಡಿದು ಅಳೆಯಬೇಡಿ, ದೇಹದ ಬಿಸಿಗೂ ಅಂಕಿ ಅಲುಗುತ್ತದೆ. ಜೋಡಿಯ ಬೆಲೆ 100ರ ಬದಲು 97.6 ನ್ಯಾನೋಫ್ಯಾರಡ್ ಬಂತೆನ್ನಿ. ಎಸೆಯಬೇಕಿಲ್ಲ, ಉಳಿದದ್ದನ್ನು ಅದಕ್ಕೆ ಹೊಂದಿಸಿ: ಆರ್1 = 2187 ÷ 97.6, ಅಂದರೆ 22.41 ಕಿಲೋಓಮ್; ಆರ್2 = 318 ÷ 97.6, ಅಂದರೆ 3.26 ಕಿಲೋಓಮ್; ಸಿ2 = 750 ÷ 22.41, ಅಂದರೆ 33.5 ನ್ಯಾನೋಫ್ಯಾರಡ್. 33ರ ಪಕ್ಕದಲ್ಲಿ 470 ಪಿಕೋಫ್ಯಾರಡ್ ಸೇರಿಸಿದರೆ ಆಯಿತು.

ಈ ಜಾಗಕ್ಕೆ ಎಕ್ಸ್7ಆರ್ ಸೆರಾಮಿಕ್ ಕೂಡದು. ವೋಲ್ಟೇಜು, ಉಷ್ಣತೆ ಎರಡಕ್ಕೂ ಅದರ ಬೆಲೆ ಬದಲಾಗುತ್ತದೆ. ರೈಲಿನ ಡಿಕಪ್ಲಿಂಗ್‌ಗೆ (ಚಿಪ್ ಪಕ್ಕದಲ್ಲಿ ಪವರನ್ನು ಸ್ಥಿರವಾಗಿಡುವುದಕ್ಕೆ) ಮಾತ್ರ ಅದು ಲಾಯಕ್ಕು.

ಕಾರ್ಟ್ರಿಜ್‌ನ ಲೋಡ್

47 ಕಿಲೋಓಮ್ ಎಲ್ಲರೂ ಹಾಕುತ್ತಾರೆ. ಅದರ ಪಕ್ಕದ ಕೆಪಾಸಿಟೆನ್ಸ್ ಲೆಕ್ಕ ಹಾಕುವವರು ಕಡಿಮೆ, ದನಿ ಕೆಡುವುದು ಹೆಚ್ಚಾಗಿ ಇಲ್ಲೇ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನ ಸುರುಳಿಗೆ ಸುಮಾರು ಅರ್ಧ ಹೆನ್ರಿ ಇಂಡಕ್ಟನ್ಸ್ ಇರುತ್ತದೆ. ತಂತಿಯ ಕೆಪಾಸಿಟೆನ್ಸ್ ಜೊತೆ ಸೇರಿ ಅದು ಅನುರಣಿಸುತ್ತದೆ. 500 ಮಿಲಿಹೆನ್ರಿಗೆ 200 ಪಿಕೋಫ್ಯಾರಡ್ ಸೇರಿದರೆ ಅನುರಣನ ಸುಮಾರು 15.9 ಕಿಲೋಹರ್ಟ್ಜ್‌ನಲ್ಲಿ, 400 ಆದರೆ 11.3ಕ್ಕೆ ಇಳಿಯುತ್ತದೆ. ಆಗ ತಾಳ ಮತ್ತು ಸಕಾರಗಳು ಚುಚ್ಚುತ್ತವೆ, ಅದರ ಮೇಲಿನದ್ದೆಲ್ಲ ಮಂಕಾಗುತ್ತದೆ. ಜನ ದೂರುವುದು ಚಿಪ್ಪನ್ನು.

ಕಾರ್ಟ್ರಿಜ್‌ನ ವಿವರಪತ್ರದಲ್ಲಿ ಶಿಫಾರಸು ಮಾಡಿದ ಲೋಡ್ ಕೆಪಾಸಿಟೆನ್ಸ್ ಇರುತ್ತದೆ, ಉದಾಹರಣೆಗೆ 100ರಿಂದ 200 ಪಿಕೋಫ್ಯಾರಡ್. ಇದು ಒಟ್ಟು ಮೊತ್ತ: ತೋಳಿನೊಳಗಿನ ತಂತಿ, ಹೊರಗಿನ ಕೇಬಲ್, ಪ್ರೀ-ಆಂಪ್ ಎಲ್ಲವೂ ಸೇರಿ. ಹೆಡ್‌ಶೆಲ್ ಬಿಚ್ಚಿ, ಕೇಬಲ್‌ನ ಆರ್‌ಸಿಎ ತುದಿಯಲ್ಲಿ ನಡುಪಿನ್ನು ಮತ್ತು ಹೊರಬಳೆಯ ನಡುವೆ ಮೀಟರ್ ಇಟ್ಟು ಅಳೆಯಿರಿ. 150 ಬಂದರೆ ಅಷ್ಟೇ ಸಾಕು, ಲೋಡ್ ಕೆಪಾಸಿಟರ್ ಹಾಕಲೇಬೇಡಿ. 90 ಬಂದು ವಿವರಪತ್ರ 200 ಕೇಳಿದರೆ 100 ಹಾಕಿ. ಅಲ್ಲಿ ಬೆಸುಗೆ ಹಾಕುವ ಬದಲು ಐಸಿ ಸಾಕೆಟ್‌ನ ಎರಡು ಕಾಲು ಕತ್ತರಿಸಿ ಕೂರಿಸಿಕೊಂಡರೆ, ಕಾರ್ಟ್ರಿಜ್ ಬದಲಾದಾಗ ಕೆಪಾಸಿಟರ್ ಕಿತ್ತು ಬೇರೆಯದನ್ನು ಚುಚ್ಚಬಹುದು.

ಪವರ್ ಸಪ್ಲೈ

ಟ್ರಾನ್ಸ್‌ಫಾರ್ಮರ್ ಬಾಕ್ಸಿನೊಳಗೆ ಬೇಡ. ಅದರ ಕಾಂತಕ್ಷೇತ್ರಕ್ಕೆ ಅಲ್ಯೂಮಿನಿಯಂ ಗೋಡೆ ಲೆಕ್ಕಕ್ಕಿಲ್ಲ, ದೂರವೊಂದೇ ಮದ್ದು. ಎಸಿ ಅಡಾಪ್ಟರ್ ಆದರೆ ಮೇನ್ಸ್ ವಿದ್ಯುತ್ತೂ ಹೊರಗೇ ಉಳಿಯುತ್ತದೆ, ಹೊಸಬರಿಗೆ ಇದೇ ಸುರಕ್ಷಿತ. ಅಡಾಪ್ಟರಿನ ಮೇಲೆ ಔಟ್‌ಪುಟ್ ಎಸಿ ಎಂದೇ ಬರೆದಿರಬೇಕು. ಡಿಸಿ ಅಡಾಪ್ಟರ್ ಚುಚ್ಚಿದರೆ ಒಂದೇ ರೈಲು ಬರುತ್ತದೆ, ಇನ್ನೊಂದು ಸೊನ್ನೆ.

ಅಡಾಪ್ಟರಿನ ಒಂದು ತಂತಿ ಎರಡು 2200 ಮೈಕ್ರೋಫ್ಯಾರಡ್‌ಗಳ ಸಂಧಿಗೆ. ಇನ್ನೊಂದು ಫ್ಯೂಸ್ ದಾಟಿ ಎರಡು ಡಯೋಡ್‌ಗಳಿಗೆ: ಒಂದರ ಕ್ಯಾಥೋಡ್ ಮೇಲಿನ ಕೆಪಾಸಿಟರಿನ ಪ್ಲಸ್‌ಗೆ, ಇನ್ನೊಂದರ ಆನೋಡ್ ಕೆಳಗಿನದರ ಮೈನಸ್‌ಗೆ. ಎರಡೂ ಕಡೆ 20 ವೋಲ್ಟ್‌ಗಿಂತ ಸ್ವಲ್ಪ ಮೇಲೆ ಬರುತ್ತದೆ, ಲೋಡ್ ಕಡಿಮೆ ಇರುವುದರಿಂದ 25 ಕಂಡರೂ ಗಾಬರಿ ಬೇಡ. ಅಲ್ಲಿಂದ 7812 ಮತ್ತು 7912. ಪ್ರತಿ ರೆಗ್ಯುಲೇಟರಿನ ಇನ್‌ಪುಟ್‌ನಲ್ಲಿ ಮತ್ತು ಔಟ್‌ಪುಟ್‌ನಲ್ಲಿ 100 ನ್ಯಾನೋಫ್ಯಾರಡ್, ಔಟ್‌ಪುಟ್‌ನಲ್ಲಿ 47 ಮೈಕ್ರೋಫ್ಯಾರಡ್ ಕೂಡ. ಉಳಿದೆರಡು ಡಯೋಡ್‌ಗಳನ್ನು ಪ್ರತಿ ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಉಲ್ಟಾ ಹಾಕಿ; ಆನ್ ಮಾಡಿದಾಗ ಒಂದು ರೈಲು ಮೊದಲೆದ್ದು ಇನ್ನೊಂದನ್ನು ತಪ್ಪು ದಿಕ್ಕಿಗೆ ಎಳೆಯುವುದನ್ನು ಅವು ತಡೆಯುತ್ತವೆ. ಹೀಟ್‌ಸಿಂಕ್ ಬೇಕಿಲ್ಲ.

ಎಚ್ಚರ ಬೇಕಾದದ್ದು ಕಾಲುಗಳ ಕ್ರಮದಲ್ಲಿ. ಅಕ್ಷರ ಕಾಣುವಂತೆ ಹಿಡಿದರೆ ಎಡದಿಂದ 7812ಕ್ಕೆ ಇನ್‌ಪುಟ್, ಗ್ರೌಂಡ್, ಔಟ್‌ಪುಟ್; 7912ಕ್ಕೆ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. 7912ರ ಲೋಹದ ಬೆನ್ನು ಇನ್‌ಪುಟ್‌ಗೆ ಅಂಟಿರುತ್ತದೆ, ಬಾಕ್ಸಿಗೆ ತಾಗಿದರೆ ಶಾರ್ಟ್.

ಗ್ರೌಂಡ್

2200 ಮೈಕ್ರೋಫ್ಯಾರಡ್‌ಗಳ ಸಂಧಿಯನ್ನು ಕೊಳಕು ಗ್ರೌಂಡ್ ಎಂದು ತಿಳಿಯಿರಿ. ಡಯೋಡ್ ತೆರೆದಾಗಲೆಲ್ಲ ಅಲ್ಲಿ ದೊಡ್ಡ ಕರೆಂಟಿನ ಏಟು ಬೀಳುತ್ತದೆ. ಅಡಾಪ್ಟರ್ ತಂತಿ ಮತ್ತು ಆ ಎರಡು ಕೆಪಾಸಿಟರ್ ಬಿಟ್ಟು ಬೇರೇನನ್ನೂ ಅಲ್ಲಿಗೆ ಕಟ್ಟಬೇಡಿ. ಅಲ್ಲಿಂದ ಒಂದೇ ಒಂದು ತಂತಿ ಸ್ವಚ್ಛ ಗ್ರೌಂಡ್ ಬಿಂದುವಿಗೆ ಹೋಗಲಿ. ರೆಗ್ಯುಲೇಟರುಗಳ ಗ್ರೌಂಡ್, ಎರಡೂ ಚಾನೆಲ್‌ಗಳ ಗ್ರೌಂಡ್ ಪ್ರತ್ಯೇಕ ತಂತಿಗಳಲ್ಲಿ ಈ ಬಿಂದುವಿಗೆ ಬರಲಿ.

ಆರ್‌ಸಿಎ ಸಾಕೆಟ್‌ಗಳ ಹೊರಬಳೆ ಬಾಕ್ಸಿಗೆ ತಾಗಬಾರದು. ಸ್ವಚ್ಛ ಬಿಂದುವಿನಿಂದ ಬಾಕ್ಸಿಗೆ ಒಂದೇ ಕಡೆ, ಇನ್‌ಪುಟ್ ಸಾಕೆಟ್‌ಗಳ ಬಳಿ, ಸಂಪರ್ಕ ಕೊಡಿ. ಟರ್ನ್‌ಟೇಬಲ್‌ನ ಗ್ರೌಂಡ್ ತಂತಿಗೆ ಸ್ಕ್ರೂ ಕೂಡ ಅಲ್ಲೇ. ಬಾಕ್ಸಿನ ಬಣ್ಣ ಕೆರೆದು ಬರಿ ಲೋಹ ಕಾಣುವಂತೆ ಮಾಡಿ ಸ್ಕ್ರೂ ಬಿಗಿಯಬೇಕು. ಬಣ್ಣದ ಮೇಲೆ ಬಿಗಿದ ಗ್ರೌಂಡ್ ಇದ್ದೂ ಇಲ್ಲದ ಹಾಗೆ.

ಜೋಡಿಸುವ ಕ್ರಮ

ಮೊದಲು ಪವರ್ ಸಪ್ಲೈ ಮುಗಿಸಿ, ಚಿಪ್ ಇಲ್ಲದೆ +12 ಮತ್ತು −12 ಅಳೆಯಿರಿ. ಆಮೇಲೆ ಬೋರ್ಡಿಗೆ ಸಾಕೆಟ್, ರೆಸಿಸ್ಟರ್, ಫಿಲ್ಮ್ ಕೆಪಾಸಿಟರ್, ಕೊನೆಗೆ ಎಲೆಕ್ಟ್ರೋಲೈಟಿಕ್. ಇನ್‌ಪುಟ್ ಒಂದು ತುದಿಯಲ್ಲಿ, ಪವರ್ ಇನ್ನೊಂದು ತುದಿಯಲ್ಲಿ ಇರಲಿ. ಇನ್‌ಪುಟ್ ತಂತಿ 10 ಸೆಂಟಿಮೀಟರ್ ಮೀರದ ಶೀಲ್ಡೆಡ್ ತಂತಿಯಾಗಲಿ.

ಚಿಪ್ ಹಾಕುವ ಮುನ್ನ ಸಾಕೆಟ್‌ನ 8 ಮತ್ತು 4ರಲ್ಲಿ ವೋಲ್ಟೇಜ್ ನೋಡಿ, ಆಫ್ ಮಾಡಿ, ರೈಲು ಇಳಿಯಲು ಬಿಟ್ಟು, ಚಿಪ್ ಹಾಕಿ. ಆನ್ ಮಾಡಿ 10–15 ಸೆಕೆಂಡ್ ಕಾಯಿರಿ; 470 ಮೈಕ್ರೋಫ್ಯಾರಡ್ ತುಂಬಲು ಅಷ್ಟು ಹೊತ್ತು ಬೇಕು. ಈಗ ಪಿನ್ 1 ಮತ್ತು 7ರಲ್ಲಿ ಡಿಸಿ ಕೆಲವು ಮಿಲಿವೋಲ್ಟ್‌ಗಳಿಂದ ಕೆಲವು ಹತ್ತು ಮಿಲಿವೋಲ್ಟ್‌ಗಳ ಒಳಗಿರಬೇಕು. ವೋಲ್ಟ್‌ಗಳಲ್ಲಿ ಬಂದರೆ 4.7 ಕಿಲೋಓಮ್ ಬಿಟ್ಟುಹೋಗಿದೆ, 470 ಮೈಕ್ರೋಫ್ಯಾರಡ್ ಶಾರ್ಟ್ ಆಗಿದೆ ಅಥವಾ ಒಂದು ರೈಲು ಸತ್ತಿದೆ. ಚಿಪ್ ಬೆರಳು ಸುಡುವಷ್ಟು ಬಿಸಿಯಾದರೆ ಅದು ಉಲ್ಟಾ ಕೂತಿರಬಹುದು, ಇಲ್ಲವೇ ಆಸಿಲೇಟ್ ಆಗುತ್ತಿರಬಹುದು. ಇನ್‌ಪುಟ್ ಸಾಕೆಟ್‌ನಲ್ಲೂ ಡಿಸಿ ಅಳೆದು, ಅದೂ ಮಿಲಿವೋಲ್ಟ್‌ಗಳಲ್ಲೇ ಇದೆಯೆಂದು ಖಚಿತವಾದ ಮೇಲಷ್ಟೇ ಕಾರ್ಟ್ರಿಜ್ ಜೋಡಿಸಿ.

ಅಳೆದು ನೋಡುವುದು

ಕಂಪ್ಯೂಟರಿನ ಸೌಂಡ್‌ಕಾರ್ಡ್ ಸಾಕು. ಅದರ ಔಟ್‌ಪುಟ್ ಪ್ರೀ-ಆಂಪ್‌ಗೆ ನೂರಾರು ಪಟ್ಟು ದೊಡ್ಡದು. ಆದ್ದರಿಂದ 10 ಕಿಲೋಓಮ್ ಮತ್ತು 10 ಓಮ್‌ನ ವಿಭಾಜಕ ಮಾಡಿ, 10 ಓಮ್ ಮೇಲಿನ ಸಿಗ್ನಲನ್ನು ಇನ್‌ಪುಟ್‌ಗೆ ಕೊಡಿ. 1 ವೋಲ್ಟ್ ಕೊಟ್ಟರೆ ಒಳಹೋಗುವುದು 1 ಮಿಲಿವೋಲ್ಟ್, 1 ಕಿಲೋಹರ್ಟ್ಜ್‌ನಲ್ಲಿ ಹೊರಬರಬೇಕಾದದ್ದು ಸುಮಾರು 105 ಮಿಲಿವೋಲ್ಟ್. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತಿಡಿ. ಮೊದಲು ಸೌಂಡ್‌ಕಾರ್ಡಿನ ಔಟ್‌ಪುಟ್ಟನ್ನು ಅದರದೇ ಇನ್‌ಪುಟ್‌ಗೆ ಜೋಡಿಸಿ ಅದರ ಸ್ವಂತ ತಪ್ಪನ್ನು ಬರೆದುಕೊಂಡು ಆಮೇಲೆ ಕಳೆಯಿರಿ. ಸಾಮಾನ್ಯ ಮಲ್ಟಿಮೀಟರಿನ ಎಸಿ ಅಂಕಿಯನ್ನು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ನಂಬಬೇಡಿ.

| ಹರ್ಟ್ಜ್ | 1 ಕಿಲೋಹರ್ಟ್ಜ್‌ಗೆ ಹೋಲಿಸಿದರೆ, ಡೆಸಿಬೆಲ್ |
|---|---|
| 20 | +19.3 |
| 50 | +16.9 |
| 100 | +13.1 |
| 500 | +2.6 |
| 2000 | −2.6 |
| 5000 | −8.2 |
| 10000 | −13.7 |
| 20000 | −19.6 |

ಅರ್ಧ ಡೆಸಿಬೆಲ್ ಒಳಗಿದ್ದರೆ ಚೆನ್ನಾಗಿದೆ, 0.2 ಒಳಗಿದ್ದರೆ ಬಹಳ ಚೆನ್ನಾಗಿದೆ. 20 ಹರ್ಟ್ಜ್‌ನಲ್ಲಿ ಸ್ವಲ್ಪ ಕಡಿಮೆ ಬರುವುದು ಸಹಜ. ಮುಂದಿನ ಆಂಪ್ಲಿಫೈಯರಿನ ಇನ್‌ಪುಟ್ 10 ಕಿಲೋಓಮ್ ಆಗಿದ್ದರೆ ಅರ್ಧ ಡೆಸಿಬೆಲ್ ಹೋಗುತ್ತದೆ, ಆಗ 2.2ರ ಬದಲು 4.7 ಮೈಕ್ರೋಫ್ಯಾರಡ್ ಹಾಕಿ. ಬಾಸ್ ಮಾತ್ರ ಎದ್ದಿದ್ದರೆ ಆರ್1 ಹೆಚ್ಚಾಗಿದೆ. 10 ಕಿಲೋಹರ್ಟ್ಜ್ ಮೇಲೆ ಎದ್ದಿದ್ದರೆ ಸಿ2 ಕಡಿಮೆಯಾಗಿದೆ. ಟ್ರೆಬಲ್ ಇಳಿಯದೆ ಚಪ್ಪಟೆಯಾಗಿ ಓಡಿದರೆ ಸಿ2ರ ಬೆಸುಗೆ ಬಿಟ್ಟಿದೆ. ಬಾಸ್ ಬಡಕಲು, ಟ್ರೆಬಲ್ ಮಂಕು ಎರಡೂ ಒಟ್ಟಿಗೆ ಕಂಡರೆ ಆರ್2-ಸಿ1 ಕವಲು ತುಂಡಾಗಿದೆ. ಈ ಪರೀಕ್ಷೆಯಲ್ಲಿ ಮೂಲ ಬರೀ 10 ಓಮ್ ಆದ್ದರಿಂದ ಕಾರ್ಟ್ರಿಜ್ ಲೋಡಿನ ತಪ್ಪು ಇದರಲ್ಲಿ ಕಾಣುವುದಿಲ್ಲ.

ಹಮ್ ಬಂದಾಗ

ಮೊದಲು ಇನ್‌ಪುಟ್ ಸಾಕೆಟ್‌ಗಳಿಗೆ ಶಾರ್ಟ್ ಮಾಡಿದ ಪ್ಲಗ್ ಚುಚ್ಚಿ ಕೇಳಿ. ಹಮ್ ಉಳಿದರೆ ತಪ್ಪು ಬಾಕ್ಸಿನೊಳಗೆ, ಬಹುತೇಕ ಕೊಳಕು ಗ್ರೌಂಡಿಗೆ ಏನೋ ತಪ್ಪಿ ಜೋಡಣೆಯಾಗಿದೆ. ಹೋದರೆ ಒಳಗಿನದು ಸರಿ, ಹೊರಗೆ ಹುಡುಕಿ.

ಟರ್ನ್‌ಟೇಬಲ್ ಜೋಡಿಸಿದಾಗ ಮಾತ್ರ ಬರುವ ಹಮ್‌ಗೆ ಗ್ರೌಂಡ್ ತಂತಿ ಮೊದಲ ಶಂಕಿತ: ಕಳಚಿದೆಯೋ, ಬಣ್ಣದ ಮೇಲೆ ಕೂತಿದೆಯೋ ನೋಡಿ. ತಂತಿ ತೆಗೆದಾಗಲೇ ಹಮ್ ಕಡಿಮೆಯಾದರೆ ಟರ್ನ್‌ಟೇಬಲ್ ಒಳಗೆ ಆರ್‌ಸಿಎ ಗ್ರೌಂಡ್ ಮತ್ತು ಚಾಸಿ ಆಗಲೇ ಸೇರಿವೆ, ಲೂಪ್ ಆಗುತ್ತಿದೆ. ತೋಳನ್ನು ರೆಕಾರ್ಡಿನ ಒಳಕ್ಕೆ ಒಯ್ದಂತೆ ಹಮ್ ಏರಿದರೆ ಕಾರ್ಟ್ರಿಜ್ ಮೋಟರಿನ ಅಥವಾ ಪಕ್ಕದ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಕ್ಷೇತ್ರ ಹಿಡಿಯುತ್ತಿದೆ; ಆಂಪ್ಲಿಫೈಯರನ್ನು ದೂರ ಸರಿಸಿ. ಒಂದೇ ಚಾನೆಲ್‌ನಲ್ಲಿ ಹಮ್ ಇದ್ದರೆ ಇನ್‌ಪುಟ್ ಕೇಬಲ್ ಎಡಬಲ ಬದಲಿಸಿ. ಹಮ್ ಜೊತೆಗೇ ಬದಲಾದರೆ ದೋಷ ಕೇಬಲ್ ಅಥವಾ ಹೆಡ್‌ಶೆಲ್‌ನಲ್ಲಿ, ಬದಲಾಗದಿದ್ದರೆ ಬೋರ್ಡಿನಲ್ಲಿ.

ರೇಡಿಯೋ ನಿಲಯ ಕೇಳಿಸಿದರೆ 100 ಓಮ್ ರೆಸಿಸ್ಟರನ್ನು ಪಿನ್ 3ಕ್ಕೆ ಇನ್ನಷ್ಟು ಹತ್ತಿರ ತನ್ನಿ, ಬಾಕ್ಸಿನ ಮುಚ್ಚಳ ನಾಲ್ಕೂ ಕಡೆ ಬಿಗಿಯಿರಿ. ಸ್ಪೀಕರಿನ ಕೋನ್ ಹಾಡಿಲ್ಲದೆಯೂ ನಿಧಾನವಾಗಿ ಉಸಿರಾಡುತ್ತಿದ್ದರೆ ಅದು ಡೊಂಕಾದ ರೆಕಾರ್ಡಿನ ಸಬ್‌ಸಾನಿಕ್ ಅಲೆ. ಎರಡನೇ ಹಂತದ 470 ಮೈಕ್ರೋಫ್ಯಾರಡ್ ಬದಲು 100 ಹಾಕಿದರೆ ಸುಮಾರು 10 ಹರ್ಟ್ಜ್‌ನ ಕೆಳಗೆ ಗೇನ್ ಬೀಳತೊಡಗುತ್ತದೆ, 20 ಹರ್ಟ್ಜ್‌ನಲ್ಲಿ ಕಳೆದುಕೊಳ್ಳುವುದು ಒಂದು ಡೆಸಿಬೆಲ್.

ಆನ್ ಮಾಡುವಾಗ ಪ್ರೀ-ಆಂಪ್ ಮೊದಲು, ಪವರ್ ಆಂಪ್ ಕೊನೆಗೆ. ಆಫ್ ಮಾಡುವಾಗ ತದ್ವಿರುದ್ಧ. ಇಲ್ಲದಿದ್ದರೆ ಸ್ಪೀಕರಿಗೆ ಏಟು.

ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಇದ್ದವರು 150 ಓಮ್ ಕಡಿಮೆ ಮಾಡಿ ಗೇನ್ ಏರಿಸಲು ಹೋಗಬೇಡಿ. 0.2ರಿಂದ 0.5 ಮಿಲಿವೋಲ್ಟ್ ಸಿಗ್ನಲಿಗೆ 5532ರ ನಾಯ್ಸ್ ಹೆಚ್ಚಾಗುತ್ತದೆ. ಇದೇ ಪ್ರೀ-ಆಂಪ್ ಮುಂದೆ 1:10ರ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಹೆಚ್ಚು ನಾಯ್ಸ್ ಸೇರದೆ 20 ಡೆಸಿಬೆಲ್ ಸಿಗುತ್ತದೆ. ಆಗ ಕಾರ್ಟ್ರಿಜ್‌ಗೆ ಕಾಣುವ ಲೋಡ್ 47 ಕಿಲೋಓಮ್‌ನ ನೂರರಲ್ಲಿ ಒಂದು ಪಾಲು, ಅಂದರೆ 470 ಓಮ್. ವಿವರಪತ್ರ ಇದಕ್ಕಿಂತ ಕಡಿಮೆ ಲೋಡ್ ಕೇಳಿದರೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ ಸಮಾಂತರವಾಗಿ ಒಂದು ರೆಸಿಸ್ಟರ್ ಸೇರಿಸಿ.